ಗಿಡಕ್ಕೆಂದು ತೋಡಿದ ಕುಣಿಗಳು

ಕುಣಿಗಳು ಏಳಿದ್ದವು ಎಂದು ನನ್ನ ನೆನಪು. ನನ್ನ ಡೈರಿ ಒಂಬತ್ತು ಎನ್ನುತ್ತದೆ. ಅಪ್ಪನನ್ನು ಕೇಳಿದರೆ, "ಆರs ಇದ್ದುವು. ಬಿ.ಎ. ಓದಿದವರಿಗೆ ಎಲ್ಲಾ ಜಾಸ್ತಿ ಕಾಣತೈತಿ" ಎನ್ನುತ್ತಾನೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯಾವುವು ಎಂದು ಗೊತ್ತಿದ್ದರೆ ತಿದ್ದುತ್ತಿದ್ದೆ.

ಡೈರಿಯನ್ನು ನಂಬಬೇಕು ಎನ್ನುವವರು ನನ್ನ ಡೈರಿಯನ್ನು ನೋಡಿಲ್ಲ. ಧಾರವಾಡದಲ್ಲಿ ಓದು ಮುಗಿಸಿ ಇಳಕಲ್ಲಿಗೆ ಮರಳಿದ ಆ ವರ್ಷ, ಎಂಬತ್ತೊಂದೋ ಎಂಬತ್ತೆರಡೋ, ನಾನು ನಡೆದದ್ದನ್ನು ಬರೆಯುತ್ತಿರಲಿಲ್ಲ. ಪದವೀಧರೆಯ ಬದುಕಿನಲ್ಲಿ ಏನು ನಡೆಯಬೇಕಿತ್ತೋ ಅದನ್ನು ಬರೆಯುತ್ತಿದ್ದೆ. ಒಂದು ಪುಟದಲ್ಲಿ "ಇಂದು ಓಣಿಯ ಜನರಲ್ಲಿ ಜಾಗೃತಿ ಮೂಡಿತು" ಎಂದಿದೆ. ಆ ದಿನ ಖರೆ ಆದದ್ದೇನೆಂದರೆ, ಎದುರುಮನೆಯ ಕಾಕಾ ಕಸದ ಗುಂಪಿಯ ಮೇಲೆ ಕಾಲಿಟ್ಟು ಜಾರಿ, ಕೂತ ಭಂಗಿಯಲ್ಲೇ ಕೆಳಗಿನವರೆಗೆ ಬಂದದ್ದು. ನಾವು ನಕ್ಕು ನಕ್ಕು ಸುಸ್ತಾಗಿದ್ದೆವು. ಅದು ನನಗೆ ಚೆನ್ನಾಗಿ ನೆನಪಿದೆ. ಡೈರಿಯಲ್ಲಿ ಅದರ ಸುದ್ದಿಯೇ ಇಲ್ಲ.

ಈ ಕಥೆ ನನ್ನ ಅತ್ತಿಯದು. ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ತವರಿಗೆ ಬಂದು, ನಮ್ಮ ಮನೆಯ ನಡುಮನೆಯಲ್ಲಿ ಮೂವತ್ತು ವರ್ಷ ಸೀರೆ ನೇಯ್ದವಳು. ನಮ್ಮ ಓಣಿಯಲ್ಲಿ ಆಗ ಮಗ್ಗವಿಲ್ಲದ ಮನೆ ಇರಲಿಲ್ಲ. ನೆಲದಲ್ಲೊಂದು ಚೌಕಾದ ಕುಣಿ, ಅದರ ಅಂಚಿನ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕಾಲಡಿಯ ಹಲಗೆ ತುಳಿಯುತ್ತ ಕೈಯಿಂದ ಲಾಳಿ ಓಡಿಸುವುದು. ಕುಣಿಮಗ್ಗ ಎಂದೇ ಅದರ ಹೆಸರು. ಬೇರೆ ಊರಿನವರು ನೆಲದ ಮೇಲೆ ಕೂಡುತ್ತಾರೆ, ಕುರ್ಚಿಯ ಮೇಲೆ ಕೂಡುತ್ತಾರೆ. ನಮ್ಮ ಓಣಿಯವರು ಅರ್ಧ ನೆಲದ ಒಳಗೆ ಕೂಡುತ್ತಿದ್ದರು. ಬಾಗಿಲಲ್ಲಿ ನಿಂತು ನೋಡಿದರೆ ಪ್ರತಿ ಮನೆಯಲ್ಲೂ ಸೊಂಟದಿಂದ ಮೇಲಿನ ಮನುಷ್ಯರು ಕಾಣುತ್ತಿದ್ದರು. ನಾನು ಸಣ್ಣವಳಿದ್ದಾಗ ಅತ್ತಿಗೂ ಕಾಲು ಇವೆ ಎಂಬುದು ಊಟದ ಹೊತ್ತಿಗೆ ಮಾತ್ರ ಗೊತ್ತಾಗುತ್ತಿತ್ತು ಎಂದು ಹೇಳಬೇಕೆನಿಸುತ್ತದೆ. ಅದು ನೆನಪೋ, ಬರೆಯುವಾಗ ಹುಟ್ಟಿದ ಚಂದದ ಮಾತೋ ತಿಳಿಯದು.

ಅತ್ತಿಯ ಮೊಣಕಾಲು ಕೆಟ್ಟವು. ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರು, "ಇನ್ನ ಹಲಗಿ ತುಳಿಯೂದು ಬಂದ್ ಮಾಡ್ರಿ" ಎಂದರು. ಹಲಗೆ ಮಾತ್ರ ಎಂದಿದ್ದರು. ಅಪ್ಪ ಅಕ್ಕನ ಮೇಲಿನ ಪ್ರೀತಿಗೆ ಮಗ್ಗವನ್ನೇ ಬಿಚ್ಚಿಸಿದ, ಕುಣಿಗೆ ಗರಸುಮಣ್ಣು ತುಂಬಿಸಿ ಗಟ್ಟಿಯಾಗಿ ಬಡಿಸಿದ, ಅದರ ಮೇಲೆ ನಮ್ಮೂರ ಕೆಂಪು ಕಲ್ಲಿನ ಚಪ್ಪಡಿ ಹಾಸಿದ, ಚಪ್ಪಡಿಯ ಮೇಲೆ ಕೈಗಳಿದ್ದ ಒಂದು ಕಟ್ಟಿಗೆಯ ಕುರ್ಚಿ ತಂದಿಟ್ಟ. ನಮ್ಮ ಮನೆಗೆ ಬಂದ ಮೊದಲ ಕುರ್ಚಿ.

"ಕುಂಡ್ರಕ್ಕಾ," ಎಂದ. "ಇನ್ನ ರಾಣಿ ಹಂಗ ಇರು."

ಅತ್ತಿ ಕೂತಳು. ಎರಡೂ ಪಾದ ಎತ್ತಿ ಮತ್ತೆ ಊರಿ ನೋಡಿದಳು.

"ಕಾಲು ನೆಲಕ್ಕ ಹತ್ತತಾವು," ಎಂದಳು.

"ಹತ್ತಬೇಕಲ್ಲ?"

"ನನಗ ರೂಢಿ ಇಲ್ಲೋ. ನೆಲಾ ಬಂದು ಕಾಲಿಗೆ ಬಡಧಂಗ ಆಗತೈತಿ."

ಮುಂದೆ ಆ ಕುರ್ಚಿಯ ಮೇಲೆ ಹಾಸಿಗೆಯ ಸುರುಳಿ ಕೂತಿತು. ಅತ್ತಿ ಕಾಲು ಇಳಿಬಿಡಲು ಜಾಗ ಹುಡುಕಿ ಮನೆಯೆಲ್ಲ ತಿರುಗಿದಳು. ಮಂಚದ ಮೇಲೆ ಕೂತರೆ ಕಾಲ ಕೆಳಗೆ ಟ್ರಂಕು. ಕೊನೆಗೆ ಅವಳಿಗೆ ಸರಿಹೋದದ್ದು ಬಾಗಿಲ ಮುಂದಿನ ಮೆಟ್ಟಿಲು. ಅದರ ಕೆಳಗೆ ಕಲ್ಲು ಕಟ್ಟಿದ ಗಟಾರ, ಆಳ ಬರೋಬ್ಬರಿ. ಬೆಳಿಗ್ಗೆ ಒಂದು ಕೊಡ ನೀರು ಸುರಿದು ಗಟಾರ ತೊಳೆದು, ಒಣಗಿದ ಮೇಲೆ ಅದರೊಳಗೆ ಕಾಲು ಬಿಟ್ಟು ಕೂಡುತ್ತಿದ್ದಳು. ಮೇಲಿನ ಮನೆಯವರು ಬಚ್ಚಲ ನೀರು ಬಿಡುವಾಗ "ಯಕ್ಕಾ, ಕಾಲs!" ಎಂದು ಕೂಗಬೇಕು, ಇವಳು ಕಾಲು ಎತ್ತಬೇಕು, ನೀರು ಹೋದ ಮೇಲೆ ಮತ್ತೆ ಇಳಿಬಿಡಬೇಕು.

ಎದುರುಮನೆಯ ಕಾಕಾ ಅತ್ತಿಯ ಓರಗೆಯವನು, ಅವನೂ ನೇಕಾರ. ಅವನಿಗೆ ಇದೊಂದು ಹಬ್ಬ.

"ಏನ್ರೀ ಅಕ್ಕಾರ, ಗಟಾರದಾಗ ಸೀರಿ ಹಚ್ಚೀರೇನು?"

"ಹೂನಪಾ, ನಿನ್ನ ಹೇಣ್ತಿಗೇ. ಬಣ್ಣಾ ನೋಡ್ಕೊಂಡು ಹೋಗು."

ನನ್ನ ಮುಂದೆ ಮಾತ್ರ ಒಂದು ದಿನ ನಗದೆ ಹೇಳಿದಳು: "ಗಂಡಸರಿಗೆ ಕಟ್ಟಿ ಐತಿ, ಹೋಟೆಲ್ ಐತಿ. ನನಗ ಹೊರಗ ಕುಂದ್ರಾಕ ಒಂದು ಜಾಗಾ ಬೇಕವಾ. ನಾಕು ಮಂದಿ ಮಾರಿ ಕಾಣಬೇಕು, ಕಾಲು ಕೆಳಗಿರಬೇಕು. ಹೆಚ್ಚಿಂದೇನೂ ಅಲ್ಲ."

ನಮ್ಮ ಮನೆಗೆ ಹೊಂದಿ, ಅತ್ತಿ ಮಲಗುವ ಕೋಣೆಯ ಕಿಟಕಿಗೆ ಎದುರಾಗಿ, ಒಂದು ಬಿದ್ದ ಮನೆಯ ಜಾಗವಿತ್ತು. ಮನೆಯವರು ಎಂದೋ ಊರು ಬಿಟ್ಟು, ಜಾಗವನ್ನು ಊರಿಗೇ ಬಿಟ್ಟುಕೊಟ್ಟಿದ್ದರಂತೆ. ಹನ್ನೆರಡು ಹೆಜ್ಜೆ ಅಗಲ, ಹದಿನೈದು ಹೆಜ್ಜೆ ಉದ್ದ. ಒಂದು ಗೋಡೆ ಮಾತ್ರ ನಿಂತಿತ್ತು. ಇಡೀ ಓಣಿಯ ಬೂದಿ, ಒಡೆದ ಗಡಿಗೆ, ಸಿಕ್ಕುಬಿದ್ದ ನೂಲು, ಹರಿದ ಚಪ್ಪಲಿ, ಎಲ್ಲ ಅಲ್ಲಿ. ಎರಡು ಹಂದಿಗಳು ಅಲ್ಲಿಯೇ ಕಾಯಂ.

ಒಂದು ದಿನ ಪುರಸಭೆಯ ಇಬ್ಬರು ಟೇಪು ಹಿಡಿದು ಬಂದು ಆ ಜಾಗ ಅಳೆಯತೊಡಗಿದರು. ಅತ್ತಿ ಗಟಾರದಿಂದಲೇ ವಿಚಾರಿಸಿದಳು.

"ಏನು ಕಟ್ಟತೀರಪಾ?"

"ಮುತಾರಿರಿ, ಅವ್ವಾರ."

ಗಂಡಸರು ನಿಂತು ಮೂತ್ರ ಮಾಡುವ ಕೋಣೆ. ಪೇಟೆಗೆ ಬರುವವರಿಗೆ ಅನುಕೂಲ. ಟೇಪಿನ ತುದಿ ಅತ್ತಿಯ ಕಿಟಕಿಯಿಂದ ಎರಡು ಮೊಳಕ್ಕೆ ನಿಂತಿತ್ತು.

ಅತ್ತಿ ಎದ್ದಳು. ಅವಳು ಹಾಗೆ ಪಟ್ಟನೆ ಎದ್ದದ್ದನ್ನು ಮೊಣಕಾಲು ಕೆಟ್ಟ ಮೇಲೆ ನಾನು ನೋಡಿರಲಿಲ್ಲ. ಒಳಗೆ ಬಂದು, "ನೀ ಓದಿದ್ದು ಇನ್ನ ಯಾವಾಗ ಉಪಯೋಗಕ್ಕ ಬರೂದು? ಅರ್ಜಿ ಬರಿ" ಎಂದಳು.

ಬರೆದೆ. ಮುತಾರಿ ಬೇಡ, ಉದ್ಯಾನವನ ಬೇಕು ಎಂದು ನಾಲ್ಕು ಪುಟ. ಪುರಸಭೆಯ ಕಚೇರಿಗೆ ಒಯ್ದೆ. ಸಾಹೇಬರು ಮೈಸೂರು ಕಡೆಯವರು, ದಪ್ಪಗಿನ, ಮೆತ್ತಗಿನ ಮನುಷ್ಯ. ಮೊದಲ ಪುಟ ಓದಿ, ಉಳಿದ ಮೂರನ್ನು ಎಣಿಸಿ, ಕೆಳಗಿಟ್ಟರು.

"ನೋಡಮ್ಮ, ಅಲ್ಲಿ ಉದ್ಯಾನವನ ಆಗುತ್ತೆ ಅಂದ್ರೆ ನನಗೂ ಸಂತೋಷವೇ. ನೀವೇ ಜಾಗ ಸ್ವಚ್ಛ ಮಾಡಿ. ಗಿಡಕ್ಕೆ ಗುಂಡಿ ತೋಡಿ. ಮುಂದಿನ ವಾರ ಬಿಟ್ಟು ಅದರ ಮುಂದಿನ ಸೋಮವಾರ ಅರಣ್ಯದವರ ಹತ್ತಿರ ಸಸಿ ಹೇರಿಸಿಕೊಂಡು ನಾನೇ ಬರ್ತೀನಿ. ಗುಂಡಿ ಇದ್ರೆ ಸಸಿ. ಇಲ್ಲದಿದ್ರೆ..." ಎಂದು ಕೈಯಿಂದ ಗಾಳಿಯಲ್ಲಿ ಸಣ್ಣ ಗೋಡೆಯೊಂದನ್ನು ಬರೆದು ತೋರಿಸಿದರು.

ನಾನು ಮನೆಗೆ ಬಂದು ಗ್ರಾಫ್ ಹಾಳೆಯಲ್ಲಿ ಉದ್ಯಾನವನದ ನಕ್ಷೆ ಬರೆದೆ. ನಡುವೆ ಕಾರಂಜಿ. ಸುತ್ತ ನಡೆದಾಡುವ ದಾರಿ. ದಾರಿಯ ಬದಿಗೆ ಗುಲಾಬಿ. ಮರುದಿನ ಓಣಿಯವರನ್ನು ಸೇರಿಸಿ ನಕ್ಷೆಯನ್ನು ಗೋಡೆಗೆ ಒತ್ತಿ ಹಿಡಿದು ವಿವರಿಸಿದೆ.

ಕಾಕಾ ಕಣ್ಣು ಸಣ್ಣದು ಮಾಡಿ ನೋಡಿದ. "ಈ ಗುಂಡಗಿಂದು ಏನು?"

"ಕಾರಂಜಿ, ಕಾಕಾ. ನೀರು ಮ್ಯಾಲೆ ಚಿಮ್ಮತೈತಿ."

"ಎಲ್ಲಿ ನೀರು? ನಳಕ್ಕ ನೀರು ಕೆಳಗೇ ಬರವಲ್ದು, ಮ್ಯಾಲ ಹ್ಯಾಂಗ ಚಿಮ್ಮತೈತಿ?"

ಕಾಕಾನ ಬೆರಳು ಮುಂದೆ ಸರಿಯಿತು. "ಈ ದಾರಿ?"

"ಅದರ ಮ್ಯಾಲೆ ನಡ್ಯೂದು. ಸುತ್ತ."

"ಸುತ್ತ ನಡದು ಎಲ್ಲಿಗೆ ಹೋಗೂದು?"

"ಎಲ್ಲಿಗೂ ಇಲ್ಲ. ಸುಮ್ನ ನಡ್ಯೂದು."

ಓಣಿಯವರು ನನ್ನನ್ನು ಕನಿಕರದಿಂದ ನೋಡಿದರು. "ಗಾಣದ ಎತ್ತು ಹಂಗ," ಎಂದ ಕಾಕಾ. "ಅದಕ್ಕಾದ್ರ ಎಣ್ಣಿ ಬರತೈತಿ."

ಅತ್ತಿ ಒಂದೇ ಪ್ರಶ್ನೆ ಕೇಳಿದಳು. "ಕುಂದ್ರೂದು ಎಲ್ಲಿ?"

ನಕ್ಷೆಯಲ್ಲಿ ಕೂಡುವ ಜಾಗವೇ ಇರಲಿಲ್ಲ. ನಾನು ಇದನ್ನು ಹತ್ತು ಸಲ ಯೋಚಿಸಿದ್ದೇನೆ. ಅವಳಿಗೆ ಬೇಕಾಗಿದ್ದುದು ಅದೊಂದೇ ಎಂದು ನನಗೆ ಗೊತ್ತಿತ್ತು; ಆದರೂ ಕಾರಂಜಿ ಬರೆಯುವ ಉತ್ಸಾಹದಲ್ಲಿ ಮರೆತೆ. ಓದಿದವರು ಎಂದರೆ ಹೀಗೇ ಎಂದು ಇಲ್ಲಿ ಒಂದು ದೊಡ್ಡ ಮಾತು ಬರೆಯಬಹುದು, ಬರೆಯುವುದಿಲ್ಲ. ಮರೆತದ್ದು ನಾನು.

ಜಾಗ ಸ್ವಚ್ಛ ಮಾಡುವ ಕೆಲಸ ಎರಡು ದಿನದಲ್ಲಿ ಮುಗಿಯಬೇಕಾದದ್ದು ನಾಲ್ಕು ದಿನ ಹಿಡಿಯಿತು. ಕಾರಣ, ಕಸ ಹೊರಹೋಗಲಿಲ್ಲ. ವಾಪಸು ಮನೆಗಳಿಗೆ ಹೋಯಿತು. ಬುಟ್ಟಿ ತುಂಬುವ ಕಡೆ ಪ್ರತಿಯೊಬ್ಬರಿಗೂ ತಮ್ಮದೇ ಏನೋ ಸಿಗುತ್ತಿತ್ತು. "ಇದು ನಮ್ಮ ಬೀಸುಕಲ್ಲಿನ ಗೂಟ!" "ಅಯ್ಯ, ಈ ಬಾಚಣಿಗಿ ನಂದು, ಇನ್ನೂ ನಾಕು ಹಲ್ಲದಾವು." ಮೂಲೆಮನೆಯ ಅತ್ತೆ, ತನ್ನ ತಾಮ್ರದ ಚರಿಗೆಯನ್ನು ಸೊಸೆ ಗುಡೂರಿನ ತವರಿಗೆ ಸಾಗಿಸಿದ್ದಾಳೆ ಎಂದು ಎಂಟು ವರ್ಷದಿಂದ ಓಣಿಗೆಲ್ಲ ಹೇಳುತ್ತಿದ್ದಳು. ಚರಿಗೆ ಬೂದಿಯ ಕೆಳಗೆ ಸಿಕ್ಕಿತು. ಸೊಸೆ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಫಳಫಳ ಮಾಡಿ, ತಲೆಯ ಮೇಲಿಟ್ಟುಕೊಂಡು ಓಣಿಯ ಈ ತುದಿಯಿಂದ ಆ ತುದಿಗೆ ನಡೆದಳು. ಆಮೇಲೆ ಆ ತುದಿಯಿಂದ ಈ ತುದಿಗೆ. ಅತ್ತೆ ಮೂರು ದಿನ ಹೊರಗೆ ಬರಲಿಲ್ಲ. ನನ್ನ ನಕ್ಷೆಯ ನಡೆದಾಡುವ ದಾರಿಯ ಉಪಯೋಗ ಏನೆಂದು ಆಗಲೇ ಓಣಿಯವರಿಗೆ ತಿಳಿದದ್ದು, ಎಂದು ನಾನು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಕುಣಿ ತೋಡುವ ದಿನಗಳಲ್ಲಿ ನಾನು ಊರಲ್ಲಿರಲಿಲ್ಲ. ಇದು ಮುಖ್ಯ. ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸಂದರ್ಶನವಿತ್ತು. ಹೋಗುವ ಮುಂಚೆ ಗಿಡದ ಕುಣಿ ಎಷ್ಟಿರಬೇಕು ಎಂದು ಪುಸ್ತಕದಲ್ಲಿ ನೋಡಿ, ಬಿಳಿ ನೂಲಿನ ದಾರಕ್ಕೆ ಮೂರು ಗಂಟು ಹಾಕಿದೆ. ಮೊದಲ ಗಂಟಿನವರೆಗೆ ಅಗಲ, ಎರಡನೆಯದರವರೆಗೆ ಆಳ, ಮೂರನೆಯದರವರೆಗೆ ಒಂದು ಕುಣಿಯಿಂದ ಇನ್ನೊಂದಕ್ಕೆ ದೂರ. ದಾರವನ್ನು ಸುರುಳಿ ಸುತ್ತಿ, ಚೀಟಿಯೊಂದನ್ನು ಅದಕ್ಕೇ ಕಟ್ಟಿ, ಅತ್ತಿಯ ಕೈಗೆ ಕೊಟ್ಟೆ.

"ಕಾಕಾಗೋಳಿಗೆ ಕೊಡು. ಇದರ ಪರಮಾಣ ತೋಡ್ರಿ ಅಂತ ಹೇಳು."

"ಹೇಳತೇನಿ. ಮೂವತ್ತ ವರ್ಷ ದಾರದ ಜೋಡಿ ಬಾಳೇ ಮಾಡೇನಿ, ನನಗೇನು ಹೇಳತಿ. ಹೋಗಿ ಬಾ."

ಸಂದರ್ಶನದಲ್ಲಿ "ಸಮಾಜಸೇವೆ ಮಾಡಿದ್ದೀರಾ?" ಎಂದು ಕೇಳಿದರು. ನಾನು "ಒಂದು ಉದ್ಯಾನವನ ಸ್ಥಾಪಿಸಿದ್ದೇನೆ" ಎಂದೆ. ಆಗ ಅದು ಹಂದಿಗಳಿಲ್ಲದ ಬಯಲು ಮಾತ್ರ. ಮೂರನೆಯ ದಿನ ಮರಳಿ ಬರುವಾಗ ಹುನಗುಂದದಲ್ಲಿ ಬಸ್ಸು ಬದಲಿಸಬೇಕಿತ್ತು. ನಾನು ಎಲ್ಲರಿಗಿಂತ ಮೊದಲು ಹತ್ತಿ ಖಾಲಿ ಸೀಟಿನಲ್ಲಿ ಕೂತೆ. ಕಿಟಕಿಯಿಂದ ಒಂದು ಟವೆಲ್ಲು ಹಾರಿ ನನ್ನ ತೊಡೆಯ ಮೇಲೆ ಬಿತ್ತು. ಅದರ ಹಿಂದೆಯೇ ಟವೆಲ್ಲಿನ ಯಜಮಾನ ಬಂದು, "ಸೀಟು ಹಿಡದೇನ್ರಿ" ಎಂದ. ನಾನು ಸೀಟಿನಲ್ಲಿದ್ದೇನಲ್ಲ ಎಂದರೆ, "ನೀವು ಕುಂತೀರಿ ಖರೆ, ಹಿಡದಾಂವ ನಾನು" ಎಂದ. ಇಳಕಲ್ಲಿನವರೆಗೆ ನಿಂತೇ ಬಂದೆ, ಅವನ ತರ್ಕದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುತ್ತ.

ಓಣಿಗೆ ತಿರುಗಿದೆ. ಬಯಲಿನ ಕಡೆ ನೋಡಿದೆ.

ಏಳು ಜನ (ಆರೋ, ಒಂಬತ್ತೋ) ಸೊಂಟದಿಂದ ಮೇಲಷ್ಟೇ ಕಾಣುತ್ತ, ಸಾಲಾಗಿ, ಬೀಳದೆ ಉಳಿದಿದ್ದ ಆ ಒಂದು ಗೋಡೆಗೆ ಬೆನ್ನು ಮಾಡಿ ಕೂತಿದ್ದರು. ಚುರುಮುರಿ ತಿನ್ನುತ್ತಿದ್ದರು.

ಹತ್ತಿರ ಹೋದೆ. ಕುಣಿಗಳು ಬಲು ಚಂದ ಇದ್ದವು. ಚೌಕು, ನೂಲು ಹಿಡಿದಂತೆ ನೇರ. ಒಳಗೆ ಮಣ್ಣು ಮೆತ್ತಿ ಸೆಗಣಿ ಸಾರಿಸಿದ್ದರು. ಕೂಡುವ ಅಂಚನ್ನು ತಿಕ್ಕಿ ನುಣುಪು ಮಾಡಿದ್ದರು. ಬಲಗೈ ಕಡೆ ಒಂದೊಂದು ಪುಟ್ಟ ಗೂಡು ಕೂಡ ಇತ್ತು. ಮಗ್ಗದ ಕುಣಿಯಲ್ಲಿ ಅದು ನೂಲು ಸುತ್ತಿದ ಕಂಡಿಕೆ ಇಡಲು, ಇಲ್ಲಿ ಅದರಲ್ಲಿ ಎಲೆ-ಅಡಿಕೆ ಚೀಲಗಳಿದ್ದವು. ಮೂರು ತಲೆಮಾರು ನೇಕಾರರ ಕೈಗೆ ಸನಿಕೆ ಕೊಟ್ಟು ಕುಣಿ ತೋಡಿ ಎಂದರೆ, ಅವರು ತಮಗೆ ಗೊತ್ತಿದ್ದ ಕುಣಿಯನ್ನೇ ತೋಡಿದ್ದರು. ನಡುವಿನ ಕುಣಿಯಲ್ಲಿ ಅತ್ತಿ. ಬೈಯಲು ಹೊರಟವಳು ಅವಳ ಮುಖ ನೋಡಿ ಕೈಚೀಲ ಕೆಳಗಿಟ್ಟೆ. ಅಷ್ಟು ಆರಾಮಾಗಿ ಅವಳು ಕೂತದ್ದನ್ನು ನೋಡಿ ವರ್ಷವಾಗಿತ್ತು.

"ಕಾಕಾ," ಎಂದೆ, "ಇವು ಗಿಡದ ಕುಣಿ ಏನು?"

"ಮತ್ತ? ಕುಣಿ ತೋಡ್ರಿ ಅಂದಿ, ತೋಡೇವಿ."

"ಗಿಡಾ ಎಲ್ಲಿ ಹಚ್ಚೂದು?"

ಕಾಕಾ ತನ್ನ ಕುಣಿಯೊಳಗೆ ಇಣುಕಿ ನೋಡಿದ. ಪಕ್ಕದವನೂ ನೋಡಿದ. ಈ ಮಾತು ಯಾರಿಗೂ ಹೊಳೆದಿರಲಿಲ್ಲ ಎಂದು ಕಾಣುತ್ತದೆ. "ಮೊದಲ ಮಣ್ಣು ತಗದಿವಿ. ಆಮ್ಯಾಲೆ ಆಳಾ ಬರೋಬ್ಬರಿ ಆತೋ ಇಲ್ಲೋ ಅಂತ ಇಳದು ಕುಂತ ನೋಡಿದಿವಿ," ಎಂದ. "ಕುಂತ ಮ್ಯಾಲ ಏಳಬೇಕು ಅನಿಸಲಿಲ್ಲ ನೋಡು."

"ನಾಳೆ ಸೋಮವಾರ! ಸಾಹೇಬ್ರು ಬರ್ತಾರ!"

"ಬರ್ಲಿ," ಎಂದಳು ಅತ್ತಿ. "ಕಾಲು ಸೋತ ಬಂದೀ, ಇಳಿ ಇಲ್ಲೆ. ಇಬ್ಬರು ಹಿಡಸತೇವಿ."

ಇಳಿದೆ. ಬಸ್ಸಿನ ಟವೆಲ್ಲಿನ ಕಥೆ ಹೇಳಿದೆ. ಎಲ್ಲರೂ ನಕ್ಕರು. ಅತ್ತಿ ಮಾತ್ರ ನಗದೆ, ಏನೋ ಯೋಚಿಸುತ್ತ, ಚುರುಮುರಿಯ ಮೆಣಸಿನಕಾಯಿ ಕಚ್ಚಿದಳು.

ಸೋಮವಾರ ಹತ್ತು ಗಂಟೆಗೆ ಸಾಹೇಬರು ಬಂದರು. ಹಿಂದೆ ತಳ್ಳುಗಾಡಿಯಲ್ಲಿ ಸಸಿಗಳು, ಅವುಗಳ ಜೊತೆ ಅರಣ್ಯ ಇಲಾಖೆಯ ಗಾರ್ಡು. ನಾನು ಬೆಳಿಗ್ಗೆಯಿಂದ ಎಲ್ಲರಿಗೂ ಏಳಿ ಏಳಿ ಎಂದು ಬೇಡಿಕೊಂಡಿದ್ದೆ. ಆದರೆ ಕುಣಿಯಿಂದ ಏಳುವುದು ಸುಲಭವಲ್ಲ. ಎರಡೂ ಕೈ ಊರಬೇಕು, ಒಂದು ಮೊಣಕಾಲು ಮೇಲೆ ತರಬೇಕು, "ಯಪ್ಪಾ" ಎನ್ನಬೇಕು. ಕಾಕಾ "ಯಪ್ಪಾ" ಎನ್ನುವಷ್ಟರಲ್ಲಿ ಸಾಹೇಬರು ಎದುರಿಗೆ ನಿಂತಿದ್ದರು. ಅವನು ಮತ್ತೆ ಕೂತ.

"ಇವು... ಗಿಡದ ಗುಂಡಿಗಳೇ?"

"ಹೌದ್ರಿ ಸಾಹೇಬ್ರ."

"ಮತ್ತೆ ಗುಂಡಿಯಲ್ಲಿ ಜನ ಯಾಕೆ ಕೂತಿದ್ದಾರೆ?"

ಅಂದು ಜಾಗ ಅಳೆದಿದ್ದ ಇಬ್ಬರೂ ಸಾಹೇಬರ ಹಿಂದೆ ಇದ್ದರು. ಒಬ್ಬನ ಕೈಯಲ್ಲಿ ಟೇಪು ಇತ್ತು. ಅತ್ತಿ ಅದನ್ನು ನೋಡಿದಳು, ತನ್ನ ಕಿಟಕಿಯನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು.

"ಜಾಗಾ ಹಿಡದೇವ್ರಿ," ಎಂದಳು.

"ಏನು?"

"ಗಿಡಕ್ಕ. ಅವು ಬರೂತನಾ ಮತ್ತ್ಯಾರರ ಬಂದು ಏನರ ಕಟ್ಟಿಬಿಟ್ರ ಏನ್ ಮಾಡೂದ್ರಿ? ಬಸ್ಸಿನಾಗ ಟವೆಲ್ ಒಗಿಯೂದಿಲ್ಲೇನ್ರಿ, ಹಂಗ."

ಸಾಹೇಬರು ಅತ್ತಿಯನ್ನು ನೋಡಿದರು. ಆಮೇಲೆ ಟೇಪನ್ನು ನೋಡಿದರು. ತುಟಿ ಒಂದು ಕಡೆ ಎಳೆಯಿತು. ನಗೆಯೋ, ಸಿಟ್ಟೋ ಎಂದು ನಾನು ಗಾಬರಿಯಾದೆ.

"ನೀವೂ ನಿಂತ ದಣದೀರಿ," ಅತ್ತಿ ಮುಂದುವರಿಸಿದಳು. "ಬೂಟ್ ತಗದು ಕುಂಡ್ರಿ. ಆ ತುದೀದು ಖಾಲಿ ಐತಿ."

ಅವರು ಬೇಡವೆಂದರು. ಕಾಕಾ ಒತ್ತಾಯ ಮಾಡಿದ. ಚಹಾ ಬಂತು, ನಿಂತು ಕುಡಿದರೆ ಹೇಗೆ ಎಂದರು ಓಣಿಯವರು. ಕೊನೆಗೆ ಸಾಹೇಬರು ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ ಬೂಟಿನೊಳಗೆ ತುರುಕಿ, ತುದಿಯ ಕುಣಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟರು. ಒಳಗಿನ ಮಣ್ಣು ತಣ್ಣಗಿರುತ್ತದೆ, ಅದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅವರ ಬಾಯಿಂದ "ಆಹಾ" ಎಂದು ಬಂತು. ಕಚೇರಿಯ ದನಿಯಲ್ಲ.

ಮುಂದಿನ ಒಂದು ಗಂಟೆ ಏನೂ ಆಗಲಿಲ್ಲ. ಗಾರ್ಡು, "ಸಾಹೇಬ್ರ, ಸಸಿ ಬಾಡಾಕತ್ತಾವ್ರಿ" ಎಂದು ಎರಡು ಸಲ ಹೇಳಿದ. ಸಾಹೇಬರು ತಮ್ಮ ಮೊಣಕಾಲ ನೋವಿನ ಇತಿಹಾಸವನ್ನು ಅತ್ತಿಗೆ ಹೇಳುತ್ತಿದ್ದರು. ಅತ್ತಿ ಎಕ್ಕೆಯ ಎಲೆಯ ಶಾಖದ ಬಗ್ಗೆ ಹೇಳುತ್ತಿದ್ದಳು. ಏಳುವ ಹೊತ್ತಿಗೆ ಅವರಿಗೆ ಏಳಲಾಗಲಿಲ್ಲ. ರೂಢಿಯಿಲ್ಲದವರಿಗೆ ಕಾಲು ಜೋಮು ಹಿಡಿಯುತ್ತದೆ. ಟೇಪಿನವರಿಬ್ಬರು ರಟ್ಟೆ ಹಿಡಿದು, ಕಾಕಾ ಹಿಂದಿನಿಂದ ಒತ್ತು ಕೊಟ್ಟು, ಮೂವರೂ ಸೇರಿ ಒಂದು ಮೂಟೆಯ ಹಾಗೆ ಎತ್ತಿದರು. ಎದ್ದು ನಿಂತ ಸಾಹೇಬರು ಪ್ಯಾಂಟಿಗೆ ಹತ್ತಿದ ಸೆಗಣಿಮಣ್ಣು ಜಾಡಿಸಿ, ಗಂಟಲು ಸರಿಮಾಡಿ, ಅಧಿಕಾರದಿಂದ ಹೇಳಿದರು: "ಗುಂಡಿ ಇರಲಿ. ಗಿಡಗಳನ್ನು ನಡುನಡುವೆ ಹಾಕಿ."

ಆಮೇಲೆ ಕಡತದಲ್ಲಿ ಅವರು "ಗಿಡಗಳು ಗುಂಡಿಯ ಹೊರಗೂ ಸಾರ್ವಜನಿಕರು ಗುಂಡಿಯ ಒಳಗೂ ಇರುವುದು ಕಂಡುಬಂದಿದೆ" ಎಂದು ಬರೆದರಂತೆ. ಇದನ್ನು ನನಗೆ ಹೇಳಿದವನು ಕಾಕಾ. ಕಾಕಾಗೆ ಕಡತ ಯಾರು ತೋರಿಸಿದರು? ಈ ಸಾಲು ನಾನೇ ಕಟ್ಟಿ ಅವನ ಬಾಯಿಗೆ ಹಾಕಿರಲೂಬಹುದು. ಮುತಾರಿಯನ್ನು ಬಸ್‌ಸ್ಟ್ಯಾಂಡ್ ಕಡೆ ಕಟ್ಟಿದರು. ಅದು ಮಾತ್ರ ಖಂಡಿತ, ಈಗಲೂ ಇದೆ.

ಗಿಡದ ಸಣ್ಣ ಕುಣಿಗಳನ್ನು ನಾನೇ ತೋಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಬದುಕಿದ್ದು ಎರಡು ಬೇವು, ಒಂದು ಹೊಂಗೆ. ಉಳಿದವು ಆಡಿನ ಪಾಲು. ಮೊದಲ ಮಳೆಗೆ ದೊಡ್ಡ ಕುಣಿಗಳು ತುಂಬಿ, ಒಂದೊಂದರಲ್ಲಿ ಒಂದೊಂದು ಕಪ್ಪೆ ಸಂಸಾರ ಹೂಡಿತು. ಆಮೇಲೆ ಕಲ್ಲಿನ ಗಣಿಯವರು ಒಡಕು ಎಂದು ಬಿಟ್ಟಿದ್ದ ಕೆಂಪು ಚಪ್ಪಡಿಗಳನ್ನು ತಂದು ಮಳೆಗಾಲಕ್ಕೆ ಮುಚ್ಚಳ ಮಾಡಿದೆವು. ಹೊಸಬರು ಬಂದರೆ ಒಬ್ಬರಾದರೂ ಬೀಳುತ್ತಿದ್ದರು. ಬಾದಾಮಿಯಿಂದ ಬಂದ ಬೀಗರೊಬ್ಬರು ಸಂಜೆ ಓಣಿಗೆ ತಿರುಗಿ, ಸಾಲಾಗಿ ನೆಲದೊಳಗೆ ಕೂತವರನ್ನು ಕಂಡು ಅಲ್ಲೇ ನಿಂತರು. ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂಡಿಸಿಯೇ ಮಣ್ಣು ಮಾಡುವುದು.

"ಇದೇನ್ರೀ," ಎಂದರು, "ಇಡೀ ಓಣಿನs ಒಮ್ಮೆಲೇ ಹೊಂಟೈತೇನು?"

"ಬರ್ರಿ ಬೀಗರ," ಎಂದಳು ಅತ್ತಿ, "ನಿಮಗೂ ಒಂದು ಹಿಡದೇವಿ."

ವಿದ್ಯಾಗಿರಿಯ ಕೆಲಸ ನನಗೆ ಸಿಕ್ಕಿತು. ಈಗ ಏಳೆಂಟು ವರ್ಷದಿಂದ ಬಾಗಲಕೋಟೆಯಲ್ಲೇ ಇದ್ದೇನೆ. ಉದ್ಯಾನವನ ಸ್ಥಾಪಿಸಿದವಳು ಎಂದು ಕಾಲೇಜಿನಲ್ಲಿ ಎರಡು ಸಲ ನನ್ನನ್ನು ಪರಿಚಯಿಸಿದ್ದಾರೆ, ಒಂದು ಸಲವೂ ನಾನು ತಿದ್ದಿಲ್ಲ. ಬೇವುಗಳು ಈಗ ನೆರಳು ಕೊಡುತ್ತವೆ. ಅತ್ತಿ ಊಟವಾದ ಮೇಲೆ ಹೋಗಿ ನಡುವಿನ ಕುಣಿಯಲ್ಲಿ ಕೂತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಗಟಾರದ ಕಡೆ ಅವಳು ಮತ್ತೆ ನೋಡಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ಅವಳ ಟ್ರಂಕಿನಿಂದ ಸೀರೆಗಳನ್ನು ತೆಗೆದು ಬಿಸಿಲಿಗೆ ಹಾಕುತ್ತಿದ್ದೆ. ತಳದಲ್ಲಿ ಒಂದು ಸಣ್ಣ ಸುರುಳಿ ಸಿಕ್ಕಿತು. ಬಿಳಿ ನೂಲಿನ ದಾರ, ಮೂರು ಗಂಟು, ನನ್ನ ಅಕ್ಷರದ ಚೀಟಿ ಇನ್ನೂ ಕಟ್ಟಿಯೇ ಇತ್ತು. ಚೀಟಿಯ ಮೇಲೆ ನಾನು ಹಾಕಿದ ಗಂಟು ಯಾರೂ ಬಿಚ್ಚಿದ ಹಾಗೆ ಕಾಣಲಿಲ್ಲ.

ಅಲ್ಲಿಯವರೆಗೆ ಆ ಕುಣಿಗಳು ಕೈಯ ರೂಢಿಯಿಂದ ಆದ ತಪ್ಪು ಎಂದೇ ನಾನು ನಂಬಿದ್ದೆ. ಹಾಗೆಂದೇ ಎಲ್ಲರಿಗೂ ಹೇಳಿ ನಗಿಸಿದ್ದೆ. ಕಾಕಾನನ್ನು ಕೇಳಿದೆ. "ದಾರಾ? ಯಾವ ದಾರಾ? ಅಕ್ಕಾರು ಬಂದು ಮೊಳಾ ಹಾಕಿ ತೋರಿಸಿದ್ರು, ನಾವು ತೋಡಿದಿವಿ" ಎಂದ. ಆಮೇಲೆ ಸ್ವಲ್ಪ ತಡೆದು, "ಇಲ್ಲಾ, ನಾವs ತೋಡಿದಿವೋ ಏನೋ" ಎಂದ. ಅಪ್ಪ, "ಹಂಗ ತೋಡ್ರಿ ಅಂತ ನೀನs ಹೇಳಿದ್ದಿ" ಎಂದ. ನಾನೇ ಮೂರನೆಯ ದಿನ ಬಂದು ದಾರ ವಾಪಸು ತೆಗೆದುಕೊಂಡು, ಮೊದಲಿನ ಹಾಗೇ ಸುತ್ತಿ ಇಟ್ಟಿರಬಹುದೇ? ಡೈರಿಯಲ್ಲಿ ಆ ದಿನದ ಪುಟದಲ್ಲಿ "ಯೋಜನೆಯಂತೆ ಕೆಲಸ ಪೂರ್ಣಗೊಂಡಿದೆ" ಎಂದಷ್ಟೇ ಇದೆ. ಯಾರ ಯೋಜನೆ ಎಂದಿಲ್ಲ.

ಅತ್ತಿಯನ್ನು ಎದುರಿಗೇ ಕೇಳಿದೆ. ಸುರುಳಿ ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿ, "ನೂಲು ಚಲೋ ಐತಿ" ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡು, "ಸ್ವಲ್ಪ ಸರಿ, ಬಿಸಲು ಬರಾಕತ್ತೈತಿ" ಎಂದಳು.

ಬಾಗಲಕೋಟೆಗೆ ಮರಳಿದ ಮೇಲೆ ಪತ್ರದಲ್ಲಿ ಕೇಳಿದೆ. ಅವಳ ಉತ್ತರಗಳನ್ನು ಅಪ್ಪ ಬರೆಯುತ್ತಾನೆ. ಬೇವಿನ ಹಣ್ಣು ಉದುರುತ್ತಿವೆ, ಕಾಕಾಗೆ ಕಣ್ಣಿನ ಆಪರೇಶನ್ ಆಯಿತು, ಮೂಲೆಮನೆಯ ಅತ್ತೆ-ಸೊಸೆ ಈಗ ಒಂದೇ ಕುಣಿಯಲ್ಲಿ ಕೂಡುತ್ತಾರೆ, ನೀನು ತೂಕ ಇಳಿದಿದ್ದೀ ಎಂದು ಕೇಳಿದೆ, ಎಲ್ಲ ಇದೆ. ಕೊನೆಗೆ ಅಪ್ಪನದೇ ಒಂದು ಸಾಲು: "ನಿನ್ನ ಪತ್ರ ಓದಿ ಹೇಳಿದೆ. ಆ ಮಾತು ಬಂದಾಗ ಅಕ್ಕನಿಗೆ ಕೆಮ್ಮು ಬಂತು." ಮುಂದಿನ ಪತ್ರದಲ್ಲಿ ಮತ್ತೆ ಕೇಳಿದೆ. ಮತ್ತೆ ಕೆಮ್ಮು ಬಂತಂತೆ. ಹಾಗಾಗಿ ಈ ವಾರದ ಪತ್ರದಲ್ಲಿ ಬೇರೆ ಏನೂ ಬರೆದಿಲ್ಲ, ಕ್ಷೇಮ ಸಮಾಚಾರವನ್ನೂ ಕೇಳಿಲ್ಲ. ಒಂದೇ ಸಾಲು ಬರೆದು ಅಂಚೆಗೆ ಹಾಕಿದ್ದೇನೆ:

ಅತ್ತಿ, ನಾ ಊರಾಗ ಇಲ್ಲದ ಆ ಮೂರು ದಿನದಾಗ ನೀ ಒಮ್ಮೆರ ಆ ಸುರುಳಿ ಬಿಚ್ಚಿದ್ಯೇನು?